ಲೆಟರ್ ನೀನೇ ಬರ್ಕೊಂಡು ಬಾ

ಬೆಂಗಳೂರಿನ ನಮ್ಮ ನೆಂಟರ ಮನೆಗಳಲ್ಲಿ ಯಾರಾದರೂ ಎಂಎಸ್‌ಗೆ (ಸ್ನಾತಕೋತ್ತರ ಪದವಿಗೆ) ಅಂತ ಅಮೆರಿಕಕ್ಕೆ ಹೊರಟರೆ ಮೊದಲು ಬರುವ ಪ್ರಶ್ನೆ, "ಜಿಆರ್‌ಇ ಎಷ್ಟು ಬಂತು?" ಅಲ್ಲಿನ ಪ್ರವೇಶಕ್ಕೆ ಬರೆಯುವ ಪರೀಕ್ಷೆ ಅದು. ನಾನಿರುವುದು ಮಿಶಿಗನ್‌ನಲ್ಲಿ, ಕೆಲಸ ವಿಶ್ವವಿದ್ಯಾಲಯದ ಒಂದು ಲ್ಯಾಬ್‌ನಲ್ಲಿ. ಇಲ್ಲಿ ಅರ್ಜಿ ಹಾಕುವ ಹುಡುಗರು ಒಬ್ಬರನ್ನೊಬ್ಬರು ಕೇಳುವುದು, "ನಿನಗೆ ಲೆಟರ್ ಯಾರು ಬರೀತಿದ್ದಾರೆ?" ಅಂತ. ಲೆಟರ್ ಅಂದರೆ ಮೇಷ್ಟ್ರು ಬರೆದು ಕೊಡುವ ಶಿಫಾರಸು ಪತ್ರ. ಎರಡು ಕಡೆಯ ತಯಾರಿಯೂ ಈ ಎರಡು ಪ್ರಶ್ನೆಗಳ ಹಿಂದೆಯೇ ಹೋಗುತ್ತದೆ. ಈ ವಿಷಯದಲ್ಲಿ ನನಗೆ ಇಲ್ಲಿಯವರ ದಾರಿಯೇ ಸರಿ ಅನ್ನಿಸುತ್ತದೆ. ಎಲ್ಲದರಲ್ಲೂ ಅಲ್ಲ, ಅದನ್ನೂ ಹೇಳುತ್ತೇನೆ.

ಜಿಆರ್‌ಇ ಬಗ್ಗೆ ಜಾಸ್ತಿ ಮಾತು ಬೇಡ. ಮೊದಲು ಮೂರು ಮುಕ್ಕಾಲು ಗಂಟೆ ಇದ್ದ ಪರೀಕ್ಷೆ 2023ರ ಸೆಪ್ಟೆಂಬರ್‌ನಿಂದ ಎರಡು ಗಂಟೆಯೊಳಗೆ ಮುಗಿಯುತ್ತದೆ. ಎಷ್ಟೋ ವಿಭಾಗಗಳು ಅದನ್ನು ಕೇಳುವುದನ್ನೇ ಬಿಟ್ಟಿವೆ. ಇನ್ನು ಕೆಲವು, ಇದ್ದರೆ ಕೊಡಿ ಅನ್ನುತ್ತವೆ. ಆದರೂ ನಮ್ಮಲ್ಲಿ ಮೂರನೇ ವರ್ಷದ ರಜೆ ಪೂರ್ತಿ ವೊಕ್ಯಾಬ್ ಉರು ಹೊಡೆಯುವುದಕ್ಕೇ ಹೋಗುತ್ತದೆ. 340ಕ್ಕೆ 325 ಬಂದರೆ ಮನೆಯಲ್ಲಿ ಪಾಯಸ. ಶಿಫಾರಸು ಪತ್ರದ ನೆನಪಾಗುವುದು ನವೆಂಬರ್‌ನಲ್ಲಿ. ಆಗ ಅರ್ಜಿಯ ಕೊನೆ ದಿನ ಡಿಸೆಂಬರ್ 1ಕ್ಕೋ 15ಕ್ಕೋ ಬಂದು ನಿಂತಿರುತ್ತದೆ, ಏಳನೇ ಸೆಮಿಸ್ಟರ್ ಪರೀಕ್ಷೆಯೂ ತಲೆ ಮೇಲಿರುತ್ತದೆ.

ಹೋದ ವರ್ಷ ಅಂಥದೇ ಸಮಯದಲ್ಲಿ ನನ್ನ ಚಿಕ್ಕಮ್ಮನ ಮೊಮ್ಮಗಳು ಫೋನ್ ಮಾಡಿದಳು. ಮೆಕ್ಯಾನಿಕಲ್ ಹುಡುಗಿ, ಬ್ಯಾಟರಿ ಕಡೆ ಆಸಕ್ತಿ.

"ಮಾಮ, ಸರ್ ನೀನೇ ಬರ್ಕೊಂಡು ಬಾ, ಸೈನ್ ಹಾಕ್ತೀನಿ ಅಂದ್ರು. ಮೂರೂ ಲೆಟರ್ ಬರ್ದಿದೀನಿ, ಒಂದ್ಸಲ ನೋಡ್ತೀರಾ?"

ನೋಡಿದೆ. ಮೂವರು ಮೇಷ್ಟ್ರ ಹೆಸರು, ಮೂರು ಪತ್ರ. ಮೂರರಲ್ಲೂ "ಸಿನ್ಸಿಯರ್", ಮೂರರಲ್ಲೂ "ಟಾಪ್ ಫೈವ್ ಪರ್ಸೆಂಟ್". ಕಾಮಾ ಬೀಳುವ ಜಾಗ ಕೂಡ ಒಂದೇ. ಮಾತಾಡುತ್ತಾ ಗೊತ್ತಾಯಿತು, ಅವಳ ಕಾಲೇಜಿನ ಲ್ಯಾಬ್‌ನಲ್ಲಿ ಕೆಟ್ಟು ಮೂಲೆ ಸೇರಿದ್ದ ಒಂದು ಸೆಟಪ್‌ನ ಥರ್ಮೋಕಪಲ್‌ಗಳನ್ನು (ಶಾಖ ಅಳೆಯುವ ತಂತಿಗಳನ್ನು) ಇವಳೇ ಬದಲಿಸಿ, ಮತ್ತೆ ರೀಡಿಂಗ್ ಬರುವ ಹಾಗೆ ಮಾಡಿದ್ದಾಳೆ. ಅದನ್ನು ಯಾಕಮ್ಮ ಬರೆದಿಲ್ಲ ಅಂದರೆ, "ಅದೇನ್ ದೊಡ್ಡದು ಮಾಮ, ಸುಮ್ನೆ ಲ್ಯಾಬ್ ಕೆಲಸ ಅಲ್ವಾ?" ಅಂದಳು. ಅರ್ಜಿ ಓದುವವರು ಹುಡುಕುವುದೇ ಅದನ್ನು. "ಸಿನ್ಸಿಯರ್" ಅನ್ನುವುದನ್ನು ಓದಿ ಓದಿ ಅವರಿಗೆ ಸಾಕಾಗಿರುತ್ತದೆ.

ಇದರಲ್ಲೊಂದು ತಮಾಷೆಯೂ ಇದೆ. ಅಮೆರಿಕದ ಅರ್ಜಿಯಲ್ಲಿ ಒಂದು ಪ್ರಶ್ನೆ ಇರುತ್ತದೆ: ಈ ಪತ್ರವನ್ನು ನೋಡುವ ನಿಮ್ಮ ಹಕ್ಕನ್ನು ಬಿಟ್ಟುಕೊಡುತ್ತೀರಾ? 1974ರ ಫರ್ಪಾ ಕಾನೂನಿನ ಪ್ರಕಾರ ಅಲ್ಲಿ ಸೇರಿದ ವಿದ್ಯಾರ್ಥಿಗೆ ತನ್ನ ದಾಖಲೆ ನೋಡುವ ಹಕ್ಕಿದೆ. ಅದನ್ನು ಬಿಟ್ಟುಕೊಟ್ಟರೆ ಪತ್ರ ಬರೆಯುವವರು ಮುಲಾಜಿಲ್ಲದೆ ಬರೆಯುತ್ತಾರೆ ಅನ್ನುವ ಲೆಕ್ಕ. ನಮ್ಮ ಹುಡುಗರು ಹಿಂದಿನ ರಾತ್ರಿ ತಾವೇ ಟೈಪ್ ಮಾಡಿದ ಪತ್ರಕ್ಕೆ "ಹೌದು, ನಾನು ನೋಡುವುದಿಲ್ಲ" ಅಂತ ಟಿಕ್ ಹಾಕುತ್ತಾರೆ!

ಹಾಗಂತ ಮೇಷ್ಟ್ರನ್ನು ಬೈದರೆ ಪ್ರಯೋಜನವಿಲ್ಲ. ಒಂದೊಂದು ಸೆಕ್ಷನ್‌ನಲ್ಲಿ ಅರವತ್ತು ಮಕ್ಕಳು. ಸಿಲಬಸ್ ಮುಗಿಸಬೇಕು, ಇಂಟರ್ನಲ್ಸ್ ತಿದ್ದಬೇಕು, ಕಾಲೇಜಿಗೆ ಗ್ರೇಡ್ ಕೊಡುವ ನ್ಯಾಕ್‌ನವರು ಬಂದರು ಅಂದರೆ ಫೈಲ್ ತುಂಬಿಸಬೇಕು. ಮುಖ ಮಾತ್ರ ನೆನಪಿರುವ ಹುಡುಗಿಯ ಬಗ್ಗೆ ಒಂದು ಪುಟ ಏನಂತ ಬರೆದಾರು? ಇಲ್ಲಿ ಪತ್ರ ಬರೆಯುವುದು ಪ್ರೊಫೆಸರ್ ಕೆಲಸದಲ್ಲೇ ಸೇರಿದ್ದು. ಜೊತೆಗೆ ಬರೆಯುವುದಕ್ಕೆ ಸರಕೂ ಇರುತ್ತದೆ. ನಮ್ಮ ಲ್ಯಾಬ್‌ಗೆ ಹುಡುಗರು ಎರಡನೇ ವರ್ಷದಲ್ಲೇ ಬರುತ್ತಾರೆ. ಮೊದಲು ಕೆಲವು ತಿಂಗಳು ಗಾಜಿನ ಸಾಮಾನು ತೊಳೆಯುವುದು, ಸ್ಯಾಂಪಲ್ ಉಜ್ಜುವುದು. ಕೊನೆ ವರ್ಷದ ಹೊತ್ತಿಗೆ ಅವರ ಕೈಗುಣವೂ ಗೊತ್ತು, ಸೋಮಾರಿತನವೂ ಗೊತ್ತು. ಡಿಗ್ರಿ ಆದಮೇಲೆ ಒಂದೆರಡು ವರ್ಷ ಲ್ಯಾಬ್‌ನಲ್ಲೇ ಸಂಬಳಕ್ಕೆ ದುಡಿದು, ಆಮೇಲೆ ಅರ್ಜಿ ಹಾಕುವವರೂ ಬೇಕಾದಷ್ಟು. ನಮ್ಮಲ್ಲಿ ಹಾಗೆ ಮಾಡಿದರೆ "ಗ್ಯಾಪ್ ಬಿತ್ತಲ್ಲಪ್ಪ" ಅಂತ ಮನೆಯವರೆಲ್ಲ ಗಾಬರಿ ಬೀಳುತ್ತಾರೆ.

ಇವೆಲ್ಲ ಬೆಂಗಳೂರಿನಲ್ಲಿ ಆಗಲ್ಲ ಅಂದರೆ ಮಾತ್ರ ನಾನು ಒಪ್ಪುವುದಿಲ್ಲ. 1909ರಿಂದ ಟಾಟಾ ಇನ್‌ಸ್ಟಿಟ್ಯೂಟ್, ಅಂದರೆ ಭಾರತೀಯ ವಿಜ್ಞಾನ ಸಂಸ್ಥೆ, ಊರೊಳಗೇ ಇದೆ. ಸದಾಶಿವನಗರದಲ್ಲಿ ರಾಮನ್ ಸಂಸ್ಥೆ, ಜಕ್ಕೂರಿನಲ್ಲಿ ಜವಾಹರಲಾಲ್ ನೆಹರು ಕೇಂದ್ರ, ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದೊಳಗೆ ಜೀವವಿಜ್ಞಾನದ ಎನ್‌ಸಿಬಿಎಸ್. ಸದಾಶಿವನಗರದ್ದೇ ಆದ ಭಾರತೀಯ ವಿಜ್ಞಾನ ಅಕಾಡೆಮಿ ಇನ್ನೆರಡು ಅಕಾಡೆಮಿಗಳ ಜೊತೆ ಸೇರಿ ವಿದ್ಯಾರ್ಥಿಗಳಿಗೆ ಎರಡು ತಿಂಗಳ ಬೇಸಿಗೆ ಫೆಲೋಶಿಪ್ ಕೊಡುತ್ತಾ ಬಂದಿದೆ. ಮಲ್ಲೇಶ್ವರದವರು ಓಪನ್ ಡೇ ದಿನ ಮಕ್ಕಳನ್ನು ಕಟ್ಟಿಕೊಂಡು ಟಾಟಾ ಇನ್‌ಸ್ಟಿಟ್ಯೂಟ್‌ಗೆ ಹೋಗಿ, ಸಾಲಲ್ಲಿ ನಿಂತು ಎಲ್ಲ ನೋಡಿ ಬರುತ್ತಾರೆ. ಅದೇ ಮಗು ಇಂಜಿನಿಯರಿಂಗ್ ಸೇರಿದ ಮೇಲೆ ಅಲ್ಲಿನ ಪ್ರೊಫೆಸರ್‌ಗೆ ಒಂದು ಇಮೇಲ್ ಹಾಕು ಅಂದರೆ "ಅಯ್ಯೋ, ಅವರೆಲ್ಲ ನೋಡಲ್ಲ ಬಿಡಿ" ಅನ್ನುತ್ತದೆ. ಹತ್ತು ಜನ ನೋಡದಿರಬಹುದು. ಒಬ್ಬರು ನೋಡಿದರೆ ಸಾಕಲ್ವಾ?

ನಮ್ಮ ಹುಡುಗಿಗೆ ಅಷ್ಟೆಲ್ಲ ಮಾಡಲು ಸಮಯ ಇರಲಿಲ್ಲ. ಪತ್ರ ಬಿಟ್ಟು, ಒಬ್ಬೊಬ್ಬ ಮೇಷ್ಟ್ರಿಗೂ ಅವರ ಹತ್ತಿರ ತಾನು ಏನು ಮಾಡಿದೆ ಅಂತ ಅರ್ಧ ಪುಟ ಬರೆದು ಕೊಡು ಅಂದೆ. ಒಬ್ಬರು ಅದನ್ನು ಇಟ್ಟುಕೊಂಡು ಕೂತು ತಾವೇ ಬರೆದರು. ಇನ್ನಿಬ್ಬರು ಆ ಅರ್ಧ ಪುಟವನ್ನೇ ಲೆಟರ್‌ಹೆಡ್‌ಗೆ ಹಾಕಿ ಸೈನ್ ಮಾಡಿದರು. ಆದರೂ "ಟಾಪ್ ಫೈವ್ ಪರ್ಸೆಂಟ್"ಗಿಂತ ವಾಸಿ.

ಇನ್ನು ನಮ್ಮವರು ಮುಂದಿರುವ ವಿಷಯ. ಬೆಂಗಳೂರಿನ ಕಾಲೇಜುಗಳಲ್ಲಿ ಸೀನಿಯರ್‌ಗಳು ಕೊಡುವ ಸಹಾಯವನ್ನು ನಾನು ಇಲ್ಲಿ ಕಂಡಿಲ್ಲ. ಯಾವ ವಿಭಾಗಕ್ಕೆ ಎಷ್ಟು ಫೀಸ್, ಯಾರಿಗೆ ಎಲ್ಲಿ ಸಿಕ್ಕಿತು, ಯಾವ ಊರಲ್ಲಿ ಬಾಡಿಗೆ ಎಷ್ಟು, ಎಲ್ಲ ಎಕ್ಸೆಲ್ ಶೀಟ್‌ನಲ್ಲಿ ರೆಡಿ. ರಾತ್ರಿ ಒಂದು ಗಂಟೆಗೆ ಮೆಸೇಜ್ ಹಾಕಿದರೂ "ಹೇಳೋ" ಅನ್ನುತ್ತಾರೆ. ನಮ್ಮ ಲ್ಯಾಬ್‌ನ ಹುಡುಗರು ಇದನ್ನೆಲ್ಲ ಒಬ್ಬೊಬ್ಬರೇ ಹುಡುಕಿಕೊಂಡು ಒದ್ದಾಡುವುದನ್ನು ನೋಡಿದರೆ ಪಾಪ ಅನ್ನಿಸುತ್ತದೆ.

ಆದರೆ ಆ ಶೀಟ್‌ನಲ್ಲೂ ಪಿಎಚ್‌ಡಿಗೆ ಕಾಲಂ ಇರುವುದು ಕಡಿಮೆ. ಅಮೆರಿಕದಲ್ಲಿ ಬಿಇ ಮುಗಿಸಿ ನೇರವಾಗಿ ಪಿಎಚ್‌ಡಿಗೆ ಅರ್ಜಿ ಹಾಕಬಹುದು. ಇಂಜಿನಿಯರಿಂಗ್, ವಿಜ್ಞಾನದಲ್ಲಿ ಸೀಟು ಸಿಕ್ಕರೆ ಸಾಮಾನ್ಯವಾಗಿ ಫೀಸ್ ಮನ್ನಾ, ಮೇಲೆ ಸ್ಟೈಪೆಂಡ್. ಸಿಗುವುದು ಕಷ್ಟ, ನಿಜ. ಆದರೆ ಸಂಶೋಧನೆ ಮಾಡಲೇಬೇಕು ಅನ್ನುವವರು ಮನೆ ಪತ್ರ ಅಡ ಇಟ್ಟು ಎಂಎಸ್‌ಗೆ ಹೋಗುವ ಮೊದಲು ಇದನ್ನೊಮ್ಮೆ ನೋಡಬೇಕು. ಕನ್ಸಲ್ಟೆನ್ಸಿಯವರು ತಾವಾಗಿ ಹೇಳಲಿ ಅಂತ ಕಾಯಬೇಡಿ. ಬ್ರಿಟನ್, ಆಸ್ಟ್ರೇಲಿಯಾದಂಥ ದೇಶಗಳಲ್ಲಿ ವಿದ್ಯಾರ್ಥಿ ಸೇರಿದರೆ ಏಜೆಂಟರಿಗೆ ವಿಶ್ವವಿದ್ಯಾಲಯದಿಂದಲೇ ಕಮಿಷನ್ ಹೋಗುತ್ತದೆ. ಹಾಗಾಗಿ ಅವರು ಕೊಡುವ ಪಟ್ಟಿ ಯಾರ ಅನುಕೂಲಕ್ಕೆ ಅಂತ ಕೇಳುವುದರಲ್ಲಿ ತಪ್ಪೇನಿಲ್ಲ.

ಕೊನೆಗೆ, ಅಪ್ಪ ಅಮ್ಮಂದಿರಿಗೆ ಒಂದು ತಾರೀಕು: ಏಪ್ರಿಲ್ 15. ಫಂಡಿಂಗ್ ಜೊತೆ ಸೀಟು ಸಿಕ್ಕವರು ಅಷ್ಟರೊಳಗೆ ಉತ್ತರ ಕೊಡಲೇಬೇಕಿಲ್ಲ ಅಂತ ಅಮೆರಿಕದ ಬಹಳಷ್ಟು ವಿಶ್ವವಿದ್ಯಾಲಯಗಳು ಒಪ್ಪಂದ ಮಾಡಿಕೊಂಡಿವೆ. ಫೆಬ್ರವರಿಯ ಮದುವೆ ಮನೆಗಳಲ್ಲಿ "ಎಲ್ಲಿ ಸಿಕ್ತು ಮಗಳಿಗೆ?" ಅಂತ ಕೇಳುವವರಿಗೆ "ಇನ್ನೂ ನೋಡ್ತಿದೀವಿ" ಅಂದು ಊಟಕ್ಕೆ ಹೋಗಬಹುದು.