ಏಲಿಯನ್ ತೋರಿಸ್ಬ್ಯಾಡ್ರಿ, ಸ್ಟಾರ್ಟರ್ ಡಬ್ಬಿ ತೋರಿಸ್ರಿ

ಮೊನ್ನಿ ರಾತ್ರಿ ಅಪ್ಪನ ಸಂಗಟ ಕುಂತು ಒಂದು ಇಂಗ್ಲಿಷ್ ಪಿಕ್ಚರ್ ನೋಡ್ದೆ. ಹೆಸರು ಹೇಳಲ್ಲ, ಯಾಕಂದ್ರ ಬೈಲತ್ತೀನಿ. ಮೆಕ್ಕೆಜೋಳದ ಹೊಲ, ನಡುವ ಒಂದೇ ಮನಿ, ನಾಕೇ ಮಂದಿ, ರಾತ್ರಿ ಆದ್ರ ಹೊಲದಾಗಿಂದ ಏನೋ ಸಪ್ಪಳ ಬರ್ತದ. ರೊಕ್ಕ ಕಮ್ಮಿ ಅಂತ ನೋಡಿದ್ ಕೂಡ್ಲೇ ಗೊತ್ತಾಗ್ತದ, ಆದ್ರೂ ಮೊದ್ಲ ಒಂದ್ ತಾಸು ಖರೇನೆ ಮೈ ಜುಮ್ ಅಂತು. ಅಪ್ಪ ಒಂದೇ ಮಾತು ಕೇಳ್ದ, "ತೆನಿ ಒಣಗಿ ನಿಂತಾವ, ಇವ್ರು ಮುರಿಯದು ಬಿಟ್ಟು ಬ್ಯಾಟ್ರಿ ಹಿಡ್ಕೊಂಡು ಯಾಕ ತಿರುಗ್ಲತ್ತಾರೋ?"

ಕಡಿಗಿ ಆ ಏಲಿಯನ್ ತೋರಿಸೇ ಬಿಟ್ರು ನೋಡ್ರಿ. ಜಾತ್ರಿಯಾಗ ಮಾರೋ ರಬ್ಬರ್ ಹಲ್ಲಿ ಇದ್ದಂಗ ಇತ್ತು. ಅಲ್ಲಿತನ ಕಟ್ಟಿದ್ದೆಲ್ಲಾ ಹಾಳು. ಅಪ್ಪ ನಕ್ಕೋತ ಎದ್ದು ಹೋಗಿ ಮಕ್ಕೊಂಡ.

ರೊಕ್ಕ ಇಲ್ಲ ಅಂತ ತಪ್ಪಾಗಿದ್ದಲ್ಲ ಇದು. 2004ರಾಗ ಬಂದ ಪ್ರೈಮರ್ ಅನ್ನೋ ಪಿಕ್ಚರ್ ಬರೇ 7,000 ಡಾಲರ್‌ನಾಗ ಮಾಡಿದ್ದು, ಗ್ಯಾರೇಜಿನಾಗ ಕುಂತು ಟೈಮ್ ಮಷಿನ್ ಮಾಡೋ ಹುಡುಗರ ಕಥಿ, ಅದಕ್ಕ ಅಮೆರಿಕದ ಸನ್‌ಡಾನ್ಸ್ ಫಿಲ್ಮ್ ಫೆಸ್ಟಿವಲ್‌ನಾಗ ದೊಡ್ಡ ಪ್ರೈಜ್ ಬಂತು. ಅದ್ರಾಗಿನ ಮಷಿನ್ ಅಂದ್ರ ಒಂದು ಡಬ್ಬಿ ಅಷ್ಟೇ. ಡಬ್ಬಿ ನೋಡಿ ಯಾರೂ ನಗಲಿಲ್ಲ.

ಮತ್ತ ನಮ್ ಕಲಬುರಗಿ, ಬೀದರ್ ಕಡಿ ನೋಡ್ರಿ. ಬೆಂಗಳೂರಿಂದ ಕ್ಯಾಮೆರಾ ಬಂತಂದ್ರ ಧೂಳು, ಬರ, ಹೊಡೆದಾಟ, ಇಷ್ಟೇ ತೋರಿಸ್ತಾರ. ಸೈನ್ಸ್ ಫಿಕ್ಷನ್ ಅಂತ ಯಾರೂ ಈ ಕಡಿ ಮಾರಿ ಮಾಡಿಲ್ಲ. ಅಲ್ರಿ, 2021ರ ಅಕ್ಟೋಬರ್‌ದಾಗ ಚಿಂಚೋಳಿ ತಾಲೂಕಿನ ಗಡಿಕೇಶ್ವಾರದಾಗ ಏನಾಯ್ತು ನೆನಪಿಲ್ಲೇನು? ಭೂಮಿ ಒಳಗಿಂದ ಢಂ ಢಂ ಸಪ್ಪಳ, ಮಂದಿ ಮನಿಗಿ ಕೀಲಿ ಹಾಕಿ ಊರು ಬಿಟ್ಟು ಹೋದ್ರು, ಉಳಿದೋರು ಅಂಗಳದಾಗ ಮಕ್ಕೊಂಡ್ರು. ಮಳಿ ನೀರು ಕೆಳಗಿನ ಸುಣ್ಣಕಲ್ಲಿನ ಪದರಕ್ಕ ಇಳಿದು ಒತ್ತಡ ಆಗ್ತದ, ಅದಕ್ಕ ಹಿಂಗ ಅಂತ ತಜ್ಞರು ಹೇಳಿದ್ರು. ಸರಿ, ಆದ್ರ ಮಹಾರಾಷ್ಟ್ರದ ಕಿಲ್ಲಾರಿ ಭೂಕಂಪ ನೋಡಿದ ಮುದುಕರಿಗಿ 1993 ನೆನಪಾದ್ರ ಪದರದ ಮಾತು ಕೇಳ್ಕೋತ ನಿದ್ದಿ ಬರ್ತದೇನ್ರಿ? ಮಾನ್‌ಸ್ಟರ್ ಬ್ಯಾಡೇ ಬ್ಯಾಡ, ಆ ಅಂಗಳದಾಗ ಒಂದ್ ರಾತ್ರಿ, ಅಷ್ಟೇ ಪಿಕ್ಚರ್.

ಇನ್ನೊಂದು, 2025 ಜನವರಿ, ಹುಮನಾಬಾದ ತಾಲೂಕಿನ ಜಲಸಂಗಿ. ಬೆಳಗ್ಗೆ ಎದ್ದು ನೋಡಿದ್ರ ಮನಿ ಮ್ಯಾಲ ಇಷ್ಟ್ ದೊಡ್ಡ ಬಲೂನ್ ಬಿದ್ದದ, ಅದಕ್ಕೊಂದು ಮಷಿನ್, ಅದ್ರಾಗ ಕೆಂಪು ಲೈಟ್ ಮಿಣಮಿಣ. ಹೈದರಾಬಾದಿನ ಟಿಐಎಫ್‌ಆರ್ (ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ) ನೋರು ವಾತಾವರಣ ಅಭ್ಯಾಸಕ್ಕ ಬಿಟ್ಟಿದ್ದು ಅಂತ ಆಮ್ಯಾಲ ಗೊತ್ತಾಯ್ತು. ಆ "ಆಮ್ಯಾಲ" ಬರೋತನಕ ಇದ್ದ ತಾಸೆರಡು ತಾಸು ನನಗ ಬೇಕು, ಮೊದ್ಲು ಮುಟ್ಟಿದಾಂವ ಯಾರು, ದೂರ ನಿಲ್ರೋ ಅಂದಾಕಿ ಯಾರು, ಮೊಬೈಲ್ ತೆಗ್ದಾಂವ ಯಾರು.

ತೊಗರಿ ನೆಟೆ ರೋಗ ಅಂತೂ ಹೇಳ್ಬ್ಯಾಡ್ರಿ. ನಿನ್ನಿ ಹಸರು ಇದ್ದ ಗಿಡ ಕಾಯಿ ಸಮೇತ ನಿಂತಲ್ಲೇ ಒಣಗ್ತದ, ಕಿತ್ತು ಕಾಂಡ ಸೀಳಿದ್ರ ಒಳಗ ಕರಿ ಗೆರಿ. ಮಣ್ಣಾಗಿನ ಬೂಸ್ಟು ಅದು, ವರ್ಷಗಟ್ಲೆ ಸಾಯಲ್ಲ. 2022ರ ಹಂಗಾಮಿನಾಗ ಕಲಬುರಗಿ ಜಿಲ್ಲಾದಾಗ ಇದು ಎಷ್ಟು ಮಂದಿ ಹೊಲ ತಿಂತು ಅಂತ ನಮಗ ಗೊತ್ತದ. ಅಪ್ಪ ಆ ಕಾಂಡ ಸೀಳಿ ಬದುವಿನ ಮ್ಯಾಲ ಕುಂತಿದ್ದ ಮಾರಿ ನಾ ಇನ್ನಾ ಮರ್ತಿಲ್ಲ.

ನನ್ನ ಅಳಿಯ ಒಬ್ಬಾಂವ ಶಾರ್ಟ್ ಫಿಲ್ಮ್ ಹುಚ್ಚಿನಾಂವ. ಈ ಎಲ್ಲಾ ಭಾಷಣ ಅವ್ನ ಮುಂದೂ ಬಿಟ್ಟೆ. ಮಾಮಾ, ಗ್ರಾಫಿಕ್ಸ್ ಇಲ್ದೆ ಯಾರ್ ನೋಡ್ತಾರ ಅಂದ. ಅವ್ನಿಗಿ ರಾತ್ರಿ ಎರಡಕ್ಕ ಎಬ್ಬಿಸಿ ಹೊಲಕ ಕರ್ಕೊಂಡು ಹೋದೆ, ಕಬ್ಬಿಗಿ ನೀರು ಬಿಡೋದಿತ್ತು, ತ್ರೀಫೇಸ್ ಕರೆಂಟ್ ನಮ್ಗ ರಾತ್ರಿನೇ ಅಲ್ರಿ ಕೊಡೋದು. ತೊಗರಿ ನಡುವ ಕಾಲ್ದಾರಿ, ಎದಿತನ ಗಿಡ, ಒಣಗಿದ ಕಾಯಿ ಗಾಳಿಗಿ ಗಲಗಲ, ಪ್ಯಾಂಟೆಲ್ಲಾ ಮಂಜಿಗಿ ತೊಯ್ದು ಹೋಗ್ಯದ. ದೂರದಾಗ ಪಂಪ್‌ಸೆಟ್ ಚಾಲೂ ಮಾಡೋ ಸ್ಟಾರ್ಟರ್ ಡಬ್ಬಿಯ ಕೆಂಪು ಲೈಟ್ ಒಂದೇ. ನಡು ಹಾದ್ಯಾಗ ಆ ಲೈಟ್ ಆರಿತು. ಕರೆಂಟ್ ಹೋಯ್ತಷ್ಟೇ, ದಿನಾ ಹೋಗ್ತದ. ಹುಡುಗ ನನ್ನ ಅಂಗಿ ಗಟ್ಟಿಯಾಗಿ ಹಿಡ್ಕೊಂಡ, ಎಡಕ್ಕ ಏನೋ ಸರಕ್ ಅಂತ ಹಾಯ್ತು, ಹಂದಿ ಇರ್ಬೇಕು.

ಬೆಳಗ್ಗೆ ಎದ್ದಾಂವನೇ ಇಲ್ಲೇ ಶೂಟಿಂಗ್ ಮಾಡೋಣು ಅಂದ. ಅಪ್ಪ ಪೇಪರ್ ಕೆಳಗಿಟ್ಟು, ರಾಶಿ ಆದ ಮ್ಯಾಲ ಏನಾದ್ರೂ ಮಾಡ್ಕೋರಿ, ಅಲ್ಲಿತನ ತೊಗರ್ಯಾಗ ಕಾಲಿಟ್ರ ನೋಡ್ರಿ ಮತ್ತ ಅಂದ. ರಾಶಿ ಆದ ಮ್ಯಾಲ ಹೊಲದಾಗ ಏನ್ ಉಳಿತದ್ರಿ, ಬರೇ ಕಟಗಿ. ತೊಗರಿ ಹೊಲ ಒಂದೆರಡು ರಾತ್ರಿಗಿ ಕೊಡೋರು ಯಾರಾದ್ರೂ ಇದ್ರ ಹೇಳ್ರಿ, ಹುಡುಗ ಬದುವಿನ ಮ್ಯಾಲೇ ನಡೀತಾನ, ಗ್ಯಾರಂಟಿ ನಂದು.