ಬಾಡಿಗೆ ಕೇಳಿದ್ರೆ ಬಾಡಿ ಕೊಡೋ ಎಐ

ಆ ಸ್ಕ್ರೀನ್‌ಶಾಟ್ ನಿಮಗೂ ಬಂದೇ ಇರುತ್ತೆ ಬಿಡಿ, ಎಲ್ಲಾ ಗ್ರೂಪಲ್ಲೂ ಓಡಾಡಿ ಅದಕ್ಕೇ ಸುಸ್ತಾಗಿದೆ. ಎಐ ಸರ್ಚು, ಅದೂ ಕನ್ನಡದಲ್ಲಿ, ಅಂತ ದೊಡ್ಡ ಬ್ಯಾನರ್ ಕಟ್ಕೊಂಡು ಬಂದ ಆ್ಯಪು, ಬಾಡಿಗೆ ಅಂತ ಹುಡುಕಿದ್ರೆ ಬಾಡಿ ಬಿಲ್ಡಿಂಗು, ಬಾಡಿ ಲೋಷನ್ನು, ಲಾರಿಗೆ ಬಾಡಿ ಕಟ್ಟೋರು ಎಲ್ಲಾ ಸಾಲಾಗಿ ನಿಂತಿದಾರೆ, ಬಾಡಿಗೆ ಮನೆ ಒಂದೂ ಇಲ್ಲ. ಅದೇ ಆ್ಯಪಲ್ಲಿ ‘ಮನೆ’ ಅಂತ ಹೊಡೆದ್ರೆ ಪುಟಗಟ್ಟಲೆ ಬರುತ್ತೆ, ‘ಮನೆಯಲ್ಲಿ’ ಅಂದ್ರೆ ಸೊನ್ನೆ.

ಎಲ್ರೂ ನಗ್ತಿದಾರೆ. ನಂಗೆ ಮಾತ್ರ ಗೌರವ ಉಕ್ಕಿ ಬಂತು. ಆ ಆ್ಯಪೊಳಗೆ ಕೂತಿರೋ ಒಂದೇ ಲೈಬ್ರರಿ, ಅಂದ್ರೆ ಯಾರೋ ಬರೆದಿಟ್ಟ ರೆಡಿಮೇಡ್ ಕೋಡು, ಪದದಲ್ಲಿ ಕತ್ತರಿಸಬೇಕಾದ್ದನ್ನ ಕತ್ತರಿಸದೆ, ಕತ್ತರಿಸಬಾರದ್ದನ್ನ ನೀಟಾಗಿ ಕತ್ತರಿಸೋದು ಅಂದ್ರೆ ಸುಮ್ನೆ ಆಗೋ ಕೆಲ್ಸ ಅಲ್ಲ, ಅದಕ್ಕೆ ಟೀಮ್ ವರ್ಕ್ ಬೇಕು.

ಲೈಬ್ರರಿ ಓಪನ್ ಸೋರ್ಸು, ಹಾಗಾಗಿ ಯಾರೋ ಪುಣ್ಯಾತ್ಮರು ಒಳಗೆ ತೆಗೆದು ನೋಡಿದಾರೆ. ಎಐ ಎಲ್ಲೂ ಇಲ್ಲ. ಸ್ಟೆಮ್ಮರ್ ಇದೆ. ಸ್ಟೆಮ್ಮರ್ ಅಂದ್ರೆ ಪದದ ಬಾಲ ಕತ್ತರಿಸೋ ಪ್ರೋಗ್ರಾಮು ಅಷ್ಟೇ, ಮನೆಗೆ, ಮನೆಗಳು, ಮನೆಯಿಂದ ಎಲ್ಲಾ ಒಂದೇ ‘ಮನೆ’ ಅಂತ ಸರ್ಚಿಗೆ ಗೊತ್ತಾಗ್ಲಿ ಅಂತ ಮಾಡಿದ್ದು. ಈ ಮಹಾನುಭಾವರ ಸ್ಟೆಮ್ಮರಲ್ಲಿ ಇರೋದು ಒಂದು ಪಟ್ಟಿ: ಗಳು, ಗಳ, ಗೆ, ಅಲ್ಲಿ, ಇಂದ, ಅನ್ನು. ಪದದ ಕೊನೇಲಿ ಇದು ಇದ್ರೆ ಕಿತ್ತಾಕು. ಮುಗೀತು. ಹೈಸ್ಕೂಲ್ ವ್ಯಾಕರಣದ ವಿಭಕ್ತಿ ಪ್ರತ್ಯಯನ ನೆನಪಿದ್ದಷ್ಟು ಟೈಪ್ ಮಾಡಿದಾರೆ, ಪಾಪ, ಮೇಷ್ಟ್ರು ಕಲಿಸಿದ್ದು ವ್ಯರ್ಥ ಆಗ್ಲಿಲ್ಲ.

ಈಗ ಮಜಾ ನೋಡಿ. ‘ಮರದಲ್ಲಿ’ ಅನ್ನೋದನ್ನ ಕಂಪ್ಯೂಟರ್ ಹೇಗೆ ಇಟ್ಕೊಳುತ್ತೆ? ಮ, ರ, ದ, ಲ, ಆಮೇಲೆ ಒತ್ತಿನ ಚಿಹ್ನೆ, ಮತ್ತೆ ಲ, ಕೊನೆಗೆ ಗುಡಿಸು. ಅದರಲ್ಲಿ ‘ಅ’ ಅನ್ನೋ ಅಕ್ಷರ ಎಲ್ಲಿದೆ? ಇಲ್ವೇ ಇಲ್ಲ, ‘ದ’ದೊಳಗೇ ಕೂತಿದೆ. ‘ಮರದಿಂದ’ದಲ್ಲಿ ‘ಇ’ ಇಲ್ಲ, ದಕಾರಕ್ಕೆ ಹತ್ತಿದ ಗುಡಿಸು ಇದೆ. ಅಂದ್ಮೇಲೆ ಪಟ್ಟಿಯಲ್ಲಿರೋ ಅಲ್ಲಿ, ಇಂದ, ಅನ್ನು ಮೂರೂ ಯಾವ ಮರಕ್ಕೂ ಯಾವ ಮನೆಗೂ ಯಾವತ್ತೂ ಹತ್ತಲ್ಲ. ಬರೀ ಗೆ, ಗಳು, ಗಳ ಮಾತ್ರ ಕೆಲ್ಸ ಮಾಡ್ತಾವೆ, ಅವು ವ್ಯಂಜನದಿಂದ ಶುರುವಾಗೋದ್ರಿಂದ. ಕೈಗೆ ಸಿಕ್ಕಿದ್ದು ಇವು ಮೂರೇ ಆದ್ದರಿಂದ ಮೂರೂ ಓವರ್‌ಟೈಮ್ ಮಾಡ್ತಿವೆ. ಬಾಡಿಗೆ ಹೋಗಿ ಬಾಡಿ ಆಯ್ತು, ಮಲ್ಲಿಗೆ ಮಲ್ಲಿ ಆಯ್ತು, ನಗೆ ಹೋಗಿ ‘ನ’ ಉಳೀತು, ತಿಂಗಳು ‘ತಿಂ’ ಆಯ್ತು. ಜಗಳದಲ್ಲಿ ‘ಗಳ’ ತೆಗೆದು ‘ಜ’ ಒಂದನ್ನೇ ಬಿಟ್ಟಿದಾರೆ, ಜಗಳ ಬಿಡಿಸಿದ ಪುಣ್ಯ ಬೇರೆ.

ಆ ‘ಅಲ್ಲಿ’ ಪೂರ್ತಿ ನಿರುದ್ಯೋಗಿ ಅಂತಾನೂ ಅಂದ್ಕೋಬೇಡಿ, ಅದಕ್ಕೂ ಒಂದು ಬೇಟೆ ಇದೆ. ಯಾರಾದ್ರೂ ಸರ್ಚ್ ಬಾಕ್ಸಲ್ಲಿ ‘ಅಲ್ಲಿ’ ಅಂತಷ್ಟೇ ಹಾಕಿದ್ರೆ ಅದು ಹತ್ತುತ್ತೆ, ಹತ್ತಿ, ಕತ್ತರಿಸಿ, ಏನೂ ಉಳಿಸಲ್ಲ. ಖಾಲಿ ಸ್ಟ್ರಿಂಗು, ಅಂದ್ರೆ ಒಂದೂ ಅಕ್ಷರ ಇಲ್ಲದ ಸಾಲು. ಕಂಪ್ಯೂಟರ್ ಲೆಕ್ಕದಲ್ಲಿ ಖಾಲಿ ಸ್ಟ್ರಿಂಗು ಎಲ್ಲಾ ಸ್ಟ್ರಿಂಗಿನೊಳಗೂ ಇದೆ, ಸಾಕ್ಷಾತ್ ಪರಬ್ರಹ್ಮ. ಪದದ ತುಂಡನ್ನೂ ಹುಡುಕೋ ಸರ್ಚಿಗೆ ಅದನ್ನ ಹಂಗೇ ಬಿಟ್ರೆ ಇಡೀ ಡೇಟಾಬೇಸು ಎದ್ದು ಬಂದು ದರ್ಶನ ಕೊಡುತ್ತೆ. ಅದ್ವೈತನ ಹಿಂಗೂ ಸಾಧಿಸಬಹುದು.

ಬಾಡಿಗೆ ಮನೆ ಯಾಕೆ ಒಂದೂ ಬರ್ಲಿಲ್ಲ ಅನ್ನೋದಕ್ಕೆ ಇನ್ನೊಂದು ಕಾರಣ ಇದೆ, ಅದು ಇನ್ನೂ ಚಂದ. ಜನ ಟೈಪ್ ಮಾಡೋ ಪದಕ್ಕೆ ಸ್ಟೆಮ್ಮರ್ ಹಾಕಿದಾರೆ, ಇಂಡೆಕ್ಸಲ್ಲಿ, ಅಂದ್ರೆ ಹುಡುಕೋಕೆ ಅಂತ ಮೊದ್ಲೇ ಮಾಡಿಟ್ಟ ಪದಗಳ ಪಟ್ಟಿಲಿ, ಇರೋ ಪದಕ್ಕೆ ಹಾಕಿಲ್ಲ. ಎರಡೂ ಕಡೆ ಒಂದೇ ಕತ್ತರಿ ಆಡಿದ್ದಿದ್ರೆ ಎರಡೂ ಕಡೆ ಬಾಡಿ ಆಗಿ ಬಾಡಿಗೆ ಮನೆಯೂ ಜೊತೆಗೆ ಸಿಗ್ತಿತ್ತು, ತಪ್ಪು ತಪ್ಪು ಸೇರಿ ಅರ್ಧ ಸರಿ ಆಗ್ತಿತ್ತು. ಇದು ಕನ್ನಡದ ಕಥೆ ಮಾತ್ರ ಅಲ್ಲ, ಯಾವ ಭಾಷೆ ಪ್ರಾಜೆಕ್ಟಲ್ಲೂ ನೋಡ್ಬಹುದು, ಲೈಬ್ರರಿ ವರ್ಷನ್ ಅಪ್‌ಡೇಟ್ ಮಾಡ್ತಾರೆ, ಹಳೇ ಇಂಡೆಕ್ಸ್ ಹಂಗೇ ಬಿಡ್ತಾರೆ, ಆಮೇಲೆ ಸರ್ಚ್ ಹಾಳಾಯ್ತು ಅಂತ ಸರ್ವರ್ ರೀಸ್ಟಾರ್ಟ್ ಮಾಡ್ತಾ ಕೂರ್ತಾರೆ.

ಇರ್ಲಿ, ಬಾಲ ಕತ್ತರಿಸೋ ವಿದ್ಯೆ ಹೊಸದಾ ಅಂದ್ರೆ ಅದೂ ಅಲ್ಲ. 1968ರಲ್ಲೇ ಜೂಲಿ ಬೆತ್ ಲೋವಿನ್ಸ್ ಅನ್ನೋರು ಇಂಗ್ಲಿಷಿಗೆ 294 ಬಾಲಗಳ ಪಟ್ಟಿ ಮಾಡಿ, ಯಾವುದನ್ನ ಯಾವಾಗ ಕತ್ತರಿಸಬಾರದು ಅಂತ ಷರತ್ತು ಸಮೇತ ಬರೆದಿಟ್ರು. 1980ರಲ್ಲಿ ಮಾರ್ಟಿನ್ ಪೋರ್ಟರ್ ಬಂದು ಅದಕ್ಕಿಂತ ಚಿಕ್ಕದಾಗಿ, ಚೊಕ್ಕವಾಗಿ ಮಾಡಿದ್ರು. ಅವರ ಸ್ಟೆಮ್ಮರಲ್ಲಿ ಅಸಲಿ ವಿಷ್ಯ ಕತ್ತರಿ ಅಲ್ಲ, ಕತ್ತರಿಸೋ ಮುಂಚೆ ಕೇಳೋ ಪ್ರಶ್ನೆ. ಸಿಂಗಿಂಗ್‌ನಲ್ಲಿ ಕೊನೇ ‘ಇಂಗ್’ ತೆಗೀಬಹುದು, ಸಿಂಗ್‌ನಲ್ಲಿ ತೆಗೀಬಾರ್ದು, ಯಾಕಂದ್ರೆ ತೆಗೆದ್ರೆ ಸ್ವರ ಇಲ್ಲದ ಬರೀ ‘ಸ್’ ಉಳಿಯುತ್ತೆ. ಉಳಿಯೋ ತುಂಡು ಒಂದು ಪದದಂಗೆ ಇದೆಯಾ ಅಂತ ಮೊದ್ಲು ನೋಡಿ. ಅಷ್ಟೇ ಕೇಳಿದ್ರೂ ಜಗಳ ಜಗಳವಾಗೇ ಉಳೀತಿತ್ತು. 1980ರಲ್ಲಿ ಹೊಳೆದಿದ್ದು ಈಗಿನ ಎಐಗೆ ಹೊಳೀಲಿಲ್ಲ.

ಪೋರ್ಟರ್ ಕತ್ತರಿಯೂ ಹೆಚ್ಚು ಕಮ್ಮಿ ಮಾಡುತ್ತೆ, ಆರ್ಗನೈಸೇಷನ್ ಅಂದ್ರೆ ಆರ್ಗನ್ ಮಾಡುತ್ತೆ, ಯೂನಿವರ್ಸಿಟಿ ಯೂನಿವರ್ಸ್ ಎರಡೂ ಒಂದೇ ಅನ್ನುತ್ತೆ (ಕೆಲವು ವೈಸ್ ಚಾನ್ಸಲರುಗಳೂ ಹಂಗೇ ಅಂದ್ಕೊಂಡಿದಾರೆ), ಬಿಸಿನೆಸ್ಸೂ ಬ್ಯುಸಿಯೂ ಒಂದೇ ತುಂಡಾಗುತ್ತೆ, ನ್ಯೂಸಿನ ಬಾಲ ಹೋಗಿ ನ್ಯೂ ಆಗುತ್ತೆ. ಆಮೇಲೆ ಅವರೇ ಮಾಡಿದ ಸುಧಾರಿತ ಆವೃತ್ತಿಲಿ ನ್ಯೂಸ್‌ನ ಮುಟ್ಬೇಡಿ ಅಂತ ಅಪವಾದದ ಪಟ್ಟಿಗೆ ಸೇರಿಸಿದ್ರು. ನ್ಯೂಸಲ್ಲಿ ನ್ಯೂ ಏನೂ ಇಲ್ಲ ಅಂತ ಅವರಿಗೂ ಗೊತ್ತಾಯ್ತು ಅನ್ಸುತ್ತೆ.

ಆದ್ರೆ ಪೋರ್ಟರ್‌ಗೆ ಜಗತ್ತು ಕೊಟ್ಟ ಕಾಟ ಇದೆಯಲ್ಲ, ಅದು ಬೇರೆ. ಮೂಲ ಅಲ್ಗಾರಿದಮ್ಮು ಹೆಪ್ಪುಗಟ್ಟಿದೆ, ಇನ್ನು ಬದಲಾಯಿಸಂಗಿಲ್ಲ ಅಂತ ಅವರೇ ಹೇಳಿದಾರೆ. ಜನ ಬಿಡ್ತಾರಾ? ಪ್ರತಿಯೊಬ್ಬರೂ ಸ್ವಂತಕ್ಕೆ ಬರೆದು ಪೋರ್ಟರ್ ಸ್ಟೆಮ್ಮರ್ ಅಂತ ಬೋರ್ಡ್ ಹಾಕಿದ್ರು. ಒಂದು ಪದಕ್ಕೆ ಎರಡು ಮೂರು ಬಾಲ ಹೊಂದೋ ಹಾಗಿದ್ರೆ ಅತಿ ಉದ್ದದ್ದನ್ನ ಮಾತ್ರ ನೋಡಿ, ಅದರ ಷರತ್ತು ಫೇಲ್ ಆದ್ರೆ ಸುಮ್ನೆ ಬಿಡಿ ಅನ್ನೋದು ನಿಯಮ. ಇವರು ‘ಮೆಂಟ್’ ಆಗ್ಲಿಲ್ವಾ, ಹಂಗಾದ್ರೆ ‘ಎಂಟ್’ ಕತ್ತರಿಸೋಣ ಅಂತ ಮುಂದುವರಿದು, ಮುಟ್ಟಬಾರದ ಆರ್ಗ್ಯುಮೆಂಟನ್ನ ‘ಆರ್ಗ್ಯುಮ್’ ಮಾಡಿ ಕೂರಿಸಿದ್ರು. ಇಂಥ ತಪ್ಪು ಬರಹಗಳ ಕಾಟ ತಡೀಲಾರದೇ ಪೋರ್ಟರ್ 2001ರಲ್ಲಿ ಸ್ನೋಬಾಲ್ ಅಂತ ಸ್ಟೆಮ್ಮರ್ ಬರೆಯೋಕೇ ಒಂದು ಪುಟ್ಟ ಭಾಷೆ ಹೊರಗೆ ತಂದ್ರು, ಅದರಲ್ಲಿ ಒಂದ್ಸಲ ಬರೆದ್ರೆ ಬೇರೆ ಬೇರೆ ಪ್ರೋಗ್ರಾಮಿಂಗ್ ಭಾಷೆಯ ಕೋಡು ಅದೇ ಮಾಡ್ಕೊಡುತ್ತೆ. ಒಬ್ಬ ಮನುಷ್ಯ ಜನರ ಕಾಪಿ ತಿದ್ದಿ ತಿದ್ದಿ ಬೇಜಾರಾಗಿ ಹೊಸ ಭಾಷೆನೇ ಹುಟ್ಟಿಸೋದು ಅಂದ್ರೆ ನೋಡಿ. ಅಷ್ಟಾದ್ಮೇಲೂ ಎನ್‌ಎಲ್‌ಟಿಕೆ ಅನ್ನೋ ಭಾಷೆ ಕೆಲ್ಸದ ಪೈಥಾನ್ ಲೈಬ್ರರಿಲಿ ಪೋರ್ಟರ್ ಸ್ಟೆಮ್ಮರ್ ಅಂತ ಕರೆದ್ರೆ ಮೂರು ಮೋಡ್ ಇದೆ, ಏನೂ ಹೇಳದೆ ಕರೆದ್ರೆ ಬರೋದು ಆ ಲೈಬ್ರರಿಯೋರೇ ಸುಧಾರಿಸಿದ್ದು. ಒರಿಜಿನಲ್ ಬೇಕು ಅಂದ್ರೆ ಒರಿಜಿನಲ್ ಬೇಕು ಅಂತ ಬಾಯ್ಬಿಟ್ಟು ಕೇಳ್ಬೇಕು.

ನಮ್ಮ ಬಾಡಿಗೆ ಲೈಬ್ರರಿಯೋರು ಇದ್ಯಾವುದನ್ನೂ ಓದೋ ತಪ್ಪು ಮಾಡಿಲ್ಲ. ಅವರ ರೀಡ್‌ಮೀ, ಅಂದ್ರೆ ಪರಿಚಯದ ಪುಟ, ನೋಡಿ, ಕಣ್ಣು ತುಂಬಿ ಬರುತ್ತೆ. ಮೇಲೆ ಹಸಿರು ಬ್ಯಾಡ್ಜುಗಳ ತೋರಣ, ಕೆಳಗೆ ರಾಕೆಟ್ ಇಮೋಜಿ, ಬ್ಲೇಜಿಂಗ್ ಫಾಸ್ಟ್ ಅಂತ ದಪ್ಪಕ್ಷರ. ಫಾಸ್ಟ್ ಇರ್ದೇ ಏನು, ಅರ್ಧ ಪಟ್ಟಿ ಹತ್ತೋದೇ ಇಲ್ವಲ್ಲ. ಟೆಸ್ಟ್ ಫೋಲ್ಡರಲ್ಲಿ ಒಂದೇ ಟೆಸ್ಟು, ‘ಮನೆಗಳು’ ಕೊಟ್ರೆ ‘ಮನೆ’ ಬರ್ಬೇಕು, ಬಂತು, ಪಾಸು, ಹಸಿರು ಬ್ಯಾಡ್ಜು. ಪೋರ್ಟರ್ ತಮ್ಮ ಅಲ್ಗಾರಿದಮ್ ಜೊತೆ 20,000ಕ್ಕೂ ಹೆಚ್ಚು ಪದ ಮತ್ತು ಅದಕ್ಕೆ ಬರಬೇಕಾದ ಉತ್ತರ ಇಟ್ಟಿದಾರೆ, ನಿಮ್ಮದನ್ನ ಓಡಿಸಿ ಹೋಲಿಸಿ ನೋಡ್ಕೊಳಿ ಅಂತ. ಇವರು ಒಂದು ಇಟ್ಟಿದಾರೆ. ಇಶ್ಯೂ, ಅಂದ್ರೆ ತಪ್ಪಿದೆ ಅಂತ ದೂರು, ಹಾಕಿದ್ರೆ ಸ್ವಲ್ಪ ದಿನಕ್ಕೆ ಬಾಟ್ ಬಂದು ಯಾರೂ ಮಾತಾಡ್ತಿಲ್ಲ, ಅದಕ್ಕೇ ಮುಚ್ಚಿದೀನಿ ಅನ್ನುತ್ತೆ. ಮನುಷ್ಯರು ಮಾತಾಡಲ್ಲ, ಬಾಟೇ ಮಾತಾಡುತ್ತೆ, ಒಂದರ್ಥದಲ್ಲಿ ಎಐ ಇರೋದು ಅಲ್ಲಿ.

ಆಮೇಲೆ ಆ್ಯಪಿನೋರಿಂದ ಒಂದು ಸ್ಪಷ್ಟೀಕರಣ ಬಂತು, ‘ಕನ್ನಡ ತುಂಬಾ ಸಂಕೀರ್ಣ ಭಾಷೆ, ಪ್ರತ್ಯಯ ಜಾಸ್ತಿ, ಸಮಯ ಬೇಕು’ ಅಂತ. ಇಲ್ಲಿ ನಂಗೆ ತಮಾಷೆ ಮಾಡೋ ಶಕ್ತಿ ಇಲ್ಲ ಕಣ್ರೀ. ಸ್ನೋಬಾಲ್‌ನಲ್ಲಿ ಫಿನ್ನಿಶ್ ಇದೆ, ಹಂಗೇರಿಯನ್ ಇದೆ, ಟರ್ಕಿಶ್ ಇದೆ, ಎಲ್ಲವೂ ಬಾಲದ ಮೇಲೆ ಬಾಲ ಅಂಟಿಸೋ ಭಾಷೆಗಳೇ. ಪಕ್ಕದ ತಮಿಳೂ ಇದೆ. ಯಾರೋ ಕೂತು ಪದ ಪದ ನೋಡಿ ಮಾಡಿದ್ರು, ಅದಕ್ಕೇ ಇದೆ. ಪುಸ್ತಕದಲ್ಲಿ, ಪುಸ್ತಕವನ್ನು, ಪುಸ್ತಕಕ್ಕೆ ಅಂತ ಮಧ್ಯೆ ದ, ವ, ಕ್ಕ ಬರೋದು ಯಾವ ಗುಟ್ಟೂ ಅಲ್ಲ, ಇವತ್ತು ಗೊತ್ತಾಗಿದ್ದೂ ಅಲ್ಲ. ‘ಸಾಫ್ಟ್‌ವೇರ್’ ಮಧ್ಯೆ ಕಣ್ಣಿಗೆ ಕಾಣದ ಒಂದು ಅಕ್ಷರ ಒಬ್ರು ಹಾಕ್ತಾರೆ ಒಬ್ರು ಹಾಕಲ್ಲ, ಅದನ್ನ ಮೊದ್ಲು ತೆಗೆದು ಹಾಕೋಕೆ ಒಂದು ಸಾಲು ಕೋಡ್ ಸಾಕು, ಆ ಒಂದು ಸಾಲೂ ಇಲ್ಲ. ಭಾಷೆ ಕಷ್ಟ ಅಲ್ಲ, ಕೆಲ್ಸ ಮಾಡಿಲ್ಲ. ಕನ್ನಡದಲ್ಲಿ ಹುಡುಕೋರು ಸಿಗ್ಲಿಲ್ಲ ಅಂದ್ರೆ ಇಂಗ್ಲಿಷಲ್ಲಿ ಹುಡುಕ್ಕೋತಾರೆ ಬಿಡು ಅನ್ನೋ ಧೈರ್ಯ ಇದು, ಆಮೇಲೆ ಅದೇ ಜನ ಮೀಟಿಂಗಲ್ಲಿ ಗ್ರಾಫ್ ತೋರ್ಸಿ ಕನ್ನಡ ಸರ್ಚಿಗೆ ಡಿಮ್ಯಾಂಡೇ ಇಲ್ಲ ಅಂತಾರೆ.

ಈಗ ಹೊಸ ವರ್ಷನ್ ಬಂದಿದೆ. ಬಾಡಿಗೆ ತೊಂದ್ರೆ ಪರಿಹಾರ ಆಯ್ತು ಅಂತ ಹೇಳ್ಕೊಂಡಿದಾರೆ, ಹೇಗೆ ಅಂದ್ರೆ ಪಟ್ಟಿಯಿಂದ ‘ಗೆ’ನೇ ತೆಗೆದಾಕಿದಾರೆ. ನೆಗಡಿ ಬಂತು ಅಂತ ಮೂಗೇ ಕೊಯ್ದಂಗೆ, ಈಗ ‘ಮನೆಗೆ’ ಅಂತ ಹುಡುಕಿದ್ರೂ ಮನೆ ಸಿಗಲ್ಲ. ಒಬ್ಬ ಹುಡುಗಿ, ಯಾರೋ ಪಾಪ, ಸ್ವರದಿಂದ ಶುರುವಾಗೋ ಪ್ರತ್ಯಯಗಳನ್ನೆಲ್ಲಾ ಪದದೊಳಗೆ ಕಾಣೋ ಕಾಗುಣಿತದ ರೂಪಕ್ಕೆ ತಿರುಗಿಸಿ ಬರೆದು, ಬಾಡಿಗೆ ನಗೆ ತಿಂಗಳು ಎಲ್ಲಾ ಅಪವಾದಕ್ಕೆ ಸೇರಿಸಿ, ಜೊತೆಗೆ ಉದ್ದದ ಪದಪಟ್ಟಿ ಟೆಸ್ಟಿಗೆ ಕೊಟ್ಟು ಪುಲ್ ರಿಕ್ವೆಸ್ಟ್ ಹಾಕಿದಾಳೆ, ಅಂದ್ರೆ ಈ ತಿದ್ದುಪಡಿ ಸೇರಿಸ್ಕೊಳಿ ಅಂತ ಕೇಳಿದಾಳೆ. ಅದಿನ್ನೂ ಮರ್ಜ್ ಆಗಿಲ್ಲ. ರಿವ್ಯೂ ಒಂದೇ ಬಂದಿರೋದು: ಸಾಲಿನ ಮುಂದೆ ಜಾಗ ಬಿಡೋಕೆ ಟ್ಯಾಬ್ ಬೇಡ, ನಾಲ್ಕು ಸ್ಪೇಸ್ ಹಾಕಿ.