ಪಾಲಿಕೆ ಐದಾದರೆ ಉತ್ತರದಾಯಿತ್ವ ಹೆಚ್ಚುತ್ತದೆಯೇ?

ಬೆಂಗಳೂರನ್ನು ಐದು ಪಾಲಿಕೆಗಳಾಗಿ ಒಡೆದಿದ್ದರಿಂದ ಆಡಳಿತ ಜನರಿಗೆ ಹತ್ತಿರವಾಗುತ್ತದೆ ಎಂದು ಪತ್ರಿಕೆಯ ಲೇಖನವೊಂದರಲ್ಲಿ ಲೇಖಕರು ಮಂಡಿಸಿರುವ ವಾದವನ್ನು ಪೂರ್ತಿಯಾಗಿ ಒಪ್ಪಲಾರೆ. 2015ರಲ್ಲಿ 198 ವಾರ್ಡುಗಳಿಂದ ಆಯ್ಕೆಯಾದ ಬಿಬಿಎಂಪಿ (ಐದಾಗುವ ಮುನ್ನ ನಗರಕ್ಕಿದ್ದ ಒಂದೇ ಪಾಲಿಕೆ) ಕೌನ್ಸಿಲ್‌ನ ಅವಧಿ 2020ರ ಸೆಪ್ಟೆಂಬರ್ 10ಕ್ಕೆ ಮುಗಿಯಿತು. ಅವಧಿ ಮುಗಿಯುವ ಮುನ್ನವೇ ಚುನಾವಣೆ ನಡೆದಿರಬೇಕೆಂದು ಸಂವಿಧಾನದ 243ಯು ವಿಧಿ ಸ್ಪಷ್ಟವಾಗಿ ಹೇಳಿದ್ದರೂ, ವಾರ್ಡ್ ಮರುವಿಂಗಡಣೆ, ಮೀಸಲಾತಿ ಪಟ್ಟಿ, ಹೊಸ ಕಾಯ್ದೆ ಎಂದು ಒಂದರ ಹಿಂದೊಂದು ಕಾರಣ ಮುಂದೊಡ್ಡಿ ಅದನ್ನು ವರ್ಷಗಟ್ಟಲೆ ಮುಂದೂಡಲಾಯಿತು. ಇದರಲ್ಲಿ ಬಿಜೆಪಿಗೂ ಕಾಂಗ್ರೆಸ್ಸಿಗೂ ನನಗಂತೂ ವ್ಯತ್ಯಾಸ ಕಾಣಲಿಲ್ಲ.

ಚುನಾಯಿತ ಕೌನ್ಸಿಲ್ ಇಲ್ಲದ ಈ ಅವಧಿಯಲ್ಲಿ ಸಾವಿರಾರು ಕೋಟಿ ರೂಪಾಯಿಯ ಬಜೆಟ್ಟನ್ನು ಅಧಿಕಾರಿಗಳೇ ಸಿದ್ಧಪಡಿಸಿ, ಸರ್ಕಾರ ನೇಮಿಸಿದ ಆಡಳಿತಾಧಿಕಾರಿಯೇ ಅಂಗೀಕರಿಸಿದರು. ಕೌನ್ಸಿಲ್ ಇದ್ದಾಗ ಸಭೆಗಳಲ್ಲಿ ಗದ್ದಲವೇ ಹೆಚ್ಚಾಗಿತ್ತು, ನಿಜ. ಆದರೂ ತನ್ನ ವಾರ್ಡಿನ ರಾಜಕಾಲುವೆಯ ಹೂಳೆತ್ತದೆ ಬಿಲ್ ಪಾವತಿಯಾಗಿದ್ದರೆ, ಅದನ್ನು ಆಯುಕ್ತರ ಎದುರಿಗೇ ಕೇಳಿ ನಡಾವಳಿಯಲ್ಲಿ ದಾಖಲಿಸುವ ಹಕ್ಕು ಕಾರ್ಪೊರೇಟರ್‌ಗಿತ್ತು. ಕೌನ್ಸಿಲ್ ಇಲ್ಲದಾಗ ಅದೇ ಪ್ರಶ್ನೆಯನ್ನು ನಾಗರಿಕನೊಬ್ಬ ಮಾಹಿತಿ ಹಕ್ಕಿನ ಅರ್ಜಿ ಹಿಡಿದು ಕೇಳಬೇಕು.

2020ರ ಬಿಬಿಎಂಪಿ ಕಾಯ್ದೆ ಒಂದು ವರ್ಷದಿಂದ 30 ತಿಂಗಳಿಗೆ ಏರಿಸಿದ್ದ ಮೇಯರ್ ಅವಧಿಯನ್ನು, ಪಾಲಿಕೆಯನ್ನು ಐದಾಗಿಸಿದ ಹೊಸ ಕಾಯ್ದೆಯೂ ಉಳಿಸಿಕೊಂಡಿರುವುದು ಸ್ವಾಗತಾರ್ಹ. ಆದರೆ ಐದೂ ಪಾಲಿಕೆಗಳ ಮೇಲಿರುವ ಗ್ರೇಟರ್ ಬೆಂಗಳೂರು ಪ್ರಾಧಿಕಾರಕ್ಕೆ ಮುಖ್ಯಮಂತ್ರಿಯೇ ಅಧ್ಯಕ್ಷರು ಎಂಬುದನ್ನು ಲೇಖನ ಪ್ರಸ್ತಾಪಿಸದಿರುವುದು ದೊಡ್ಡ ಕೊರತೆ.